ವಾಹನದ ತೊಳೆತಕ್ಕೆ ಮನೆಬಳಕೆಯ ಶುಚಿಕಾರಕಗಳು: ಉಳಿತಾಯದ ನಿಜವಾದ ಲೆಕ್ಕ

ವ್ಯಾಪಾರ ಸಂಸ್ಥೆಗಳ ಖರ್ಚಿನ ಪುಸ್ತಕದಲ್ಲಿ ‘ವಾಹನ ನಿರ್ವಹಣೆ’ ಎಂಬ ಖಾತೆಯಡಿ ಇಂಧನ, ವಿಮೆ ಮತ್ತು ಟೈರುಗಳಿಗೆ ದೊರೆಯುವ ಗಮನ ತೊಳೆಯುವ ಖರ್ಚಿಗೆ ದೊರೆಯುವುದಿಲ್ಲ. ಮೊತ್ತ ಅಲ್ಪವೆಂಬುದೇ ಇದಕ್ಕೆ ಕಾರಣ. ಆ ಅಲ್ಪ ಮೊತ್ತವನ್ನೂ ಉಳಿಸುವ ಉದ್ದೇಶದಿಂದ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮುನ್ನ ಸಹಾಯಕನ ಕೈಗೆ ಒಂದು ಬಕೆಟ್ ನೀರು, ಒಂದು ಹಿಡಿ ಬಟ್ಟೆ ಸೋಪಿನ ಪುಡಿ ಮತ್ತು ಹಳೆಯ ಬನಿಯನ್ ತುಂಡೊಂದನ್ನು ಕೊಡುವುದು ಬಹಳ ಕಡೆ ಕಂಡುಬರುವ ವಾಡಿಕೆ. ಕಾರು ತೊಳೆಯುವುದಕ್ಕೆಂದೇ ತಯಾರಾದ ಶಾಂಪೂ, ಪಾಲಿಶ್, ಗಾಜಿನ ದ್ರವ ಮುಂತಾದವುಗಳ ಬೆಲೆಯನ್ನು ನೋಡಿದವರಿಗೆ ಈ ವಾಡಿಕೆ ಸಹಜವೆಂದೇ ತೋರುತ್ತದೆ. ಆದರೆ ವಾಹನವು ಹಲವು ಲಕ್ಷ ರೂಪಾಯಿಗಳ ಆಸ್ತಿ. ಐದಾರು ವರ್ಷಗಳ ನಂತರ ಅದನ್ನು ಮಾರುವಾಗ ಕೊಳ್ಳುವವನು ಮೊದಲು ನೋಡುವುದು ಅದರ ಹೊರಮೈಯನ್ನು. ಆದಕಾರಣ ಮನೆಬಳಕೆಯ ಯಾವ ವಸ್ತು ನಿಜವಾದ ಬದಲಿ, ಯಾವುದು ಅಗ್ಗವೆಂಬ ಭ್ರಮೆ ಎಂಬುದನ್ನು ವಿವೇಚಿಸುವುದು ಉಪಯುಕ್ತ.

ಬಣ್ಣದ ರಕ್ಷಣೆ ಮತ್ತು ಕ್ಷಾರದ ಗುಣ

ಇಂದಿನ ಕಾರುಗಳ ಲೋಹದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಈ ಪದರದ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ವಾಹನದ ಹೊಳಪೆಲ್ಲ ಈ ಪದರದ ನುಣುಪನ್ನೇ ಅವಲಂಬಿಸಿದೆ. ಇದನ್ನು ಬಿಸಿಲು ಮತ್ತು ಧೂಳಿನಿಂದ ಕಾಪಾಡಲು ಹಚ್ಚುವ ವ್ಯಾಕ್ಸ್ ಇನ್ನೂ ಸೂಕ್ಷ್ಮ.

ಬಟ್ಟೆ ಸೋಪಿನ ಪುಡಿಯಲ್ಲಿ ಜಿಡ್ಡು ಬಿಡಿಸುವ ರಾಸಾಯನಿಕದ ಜೊತೆಗೆ ವಾಷಿಂಗ್ ಸೋಡಾ ಸೇರಿರುತ್ತದೆ. ನೀರಿನಲ್ಲಿ ಕದಡಿದಾಗ ಅದರ ಪಿಎಚ್ ಮೌಲ್ಯ 10ರ ಆಸುಪಾಸಿನಲ್ಲಿರುತ್ತದೆ. 7 ಎಂಬುದು ತಟಸ್ಥ. ಅದಕ್ಕಿಂತ ಮೇಲಿನದು ಕ್ಷಾರ. ಈ ಕ್ಷಾರವು ವ್ಯಾಕ್ಸನ್ನು ಬಿಡಿಸುತ್ತದೆ, ಪದೇಪದೇ ಬಳಸಿದರೆ ರಬ್ಬರ್ ಪಟ್ಟಿಗಳನ್ನೂ ಪ್ಲಾಸ್ಟಿಕ್ ಅಂಚುಗಳನ್ನೂ ಮಂಕಾಗಿಸುತ್ತದೆ. ಪುಡಿ ಪೂರ್ಣವಾಗಿ ಕರಗದೆ ಉಳಿದಲ್ಲಿ ಅದರ ಕಣಗಳೇ ಗೀರು ಹಾಕುತ್ತವೆ. ಪಾತ್ರೆ ತೊಳೆಯುವ ಬಿಲ್ಲೆಯಂತೂ ಸಲ್ಲದು. ಅದರಲ್ಲಿ ಉಜ್ಜುವುದಕ್ಕೆಂದೇ ಖನಿಜದ ಪುಡಿಯನ್ನು ಬೆರೆಸಿರುತ್ತಾರೆ.

ಪಾತ್ರೆ ತೊಳೆಯುವ ದ್ರವದ ವಿಷಯ ಸ್ವಲ್ಪ ಭಿನ್ನವಾದುದು. ಅದರಲ್ಲಿ ಬಹುಪಾಲು ತಟಸ್ಥಕ್ಕೆ ಸಮೀಪವಾದವು ಮತ್ತು ಒಂದೆರಡು ಸಲ ಬಳಸಿದ ಮಾತ್ರಕ್ಕೆ ಬಣ್ಣ ಕೆಡುವುದಿಲ್ಲ. ಆದರೆ ಎಣ್ಣೆ ಬಿಡಿಸುವುದೇ ಅದರ ಕೆಲಸವಾದ್ದರಿಂದ ವ್ಯಾಕ್ಸಿನ ಪದರವನ್ನೂ ಅದು ಸಡಿಲಗೊಳಿಸುತ್ತದೆ. ತಲೆಗೆ ಹಾಕುವ ಶಾಂಪೂ ಸೌಮ್ಯವಾದರೂ ಅದರಲ್ಲಿನ ಕಂಡೀಷನರ್ ಗಾಜಿನ ಮೇಲೆ ಮಸುಕು ಉಳಿಸುವುದುಂಟು. 2025ರ ಸೆಪ್ಟೆಂಬರ್ 22ರಿಂದ ತಲೆಯ ಶಾಂಪೂವಿನ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ, ಕಾರು ತೊಳೆಯುವ ದ್ರವ ಶೇ. 18ರಲ್ಲೇ ಇದೆ. ಹೀಗಿದ್ದರೂ ತೆರಿಗೆಯ ದರವನ್ನು ನೋಡಿ ಶಾಂಪೂ ಆಯ್ಕೆ ಮಾಡುವುದು ಜಾಣತನವೆನಿಸದು.

ಒಂದು ಉದಾಹರಣೆಯ ಲೆಕ್ಕ

ಕಾರಿನ ಶಾಂಪೂ ಲೀಟರಿಗೆ 400 ರೂ., ಒಂದು ತೊಳೆತಕ್ಕೆ 30 ಮಿ.ಲೀ. ಎಂದಿಟ್ಟುಕೊಳ್ಳೋಣ. ಪ್ರತಿ ತೊಳೆತದ ವೆಚ್ಚ 12 ರೂ. ಪಾತ್ರೆಯ ದ್ರವ ಲೀಟರಿಗೆ 200 ರೂ., ಬಳಕೆ 20 ಮಿ.ಲೀ. ಆದರೆ ವೆಚ್ಚ 4 ರೂ. ವಾರಕ್ಕೊಮ್ಮೆ ತೊಳೆದರೆ ವರ್ಷದ 52 ತೊಳೆತಗಳಲ್ಲಿ ಉಳಿಯುವುದು 416 ರೂ. ಇನ್ನೊಂದು ಕಡೆ, ವರ್ಷಕ್ಕೆ ಮೂರು ಬಾರಿ ವ್ಯಾಕ್ಸ್ ಹಚ್ಚಿದರೆ ಸಾಕಾಗುತ್ತಿದ್ದ ವಾಹನಕ್ಕೆ ಈಗ ಆರು ಬಾರಿ ಹಚ್ಚಬೇಕಾಗುತ್ತದೆ ಎನ್ನೋಣ. ಒಂದು ಬಾರಿಗೆ ವ್ಯಾಕ್ಸ್ 50 ರೂ., ಕೂಲಿ 200 ರೂ. ಹಿಡಿದರೆ ಹೆಚ್ಚುವರಿ ಮೂರು ಬಾರಿಗೆ 750 ರೂ. ಅಂದರೆ 416 ರೂ. ಉಳಿಸಲು ಹೋಗಿ 334 ರೂ. ನಿವ್ವಳ ನಷ್ಟ. ವ್ಯಾಕ್ಸ್ ಹಚ್ಚುವುದನ್ನೇ ಕೈಬಿಟ್ಟರೆ ಈ ನಷ್ಟ ಆ ವರ್ಷದ ಪುಸ್ತಕದಲ್ಲಿ ಕಾಣಿಸುವುದಿಲ್ಲ, ವಾಹನ ಮಾರಾಟದ ದಿನ ಬೆಲೆಯಲ್ಲಿ ಕಾಣಿಸುತ್ತದೆ. ಇಲ್ಲಿನ ದರಗಳೆಲ್ಲ ಊಹೆಯವು. ಆಯಾ ಊರಿನ ದರಗಳನ್ನು ಹಾಕಿ ಪ್ರತಿಯೊಬ್ಬರೂ ತಮ್ಮ ಲೆಕ್ಕ ಮಾಡಿಕೊಳ್ಳಬಹುದು.

ಇದೇ ಲೆಕ್ಕ ಸರಕು ಸಾಗಿಸುವ ಹಳೆಯ ಗೂಡ್ಸ್ ಆಟೋ ಅಥವಾ ಟೆಂಪೋವಿಗೆ ಅನ್ವಯಿಸುವುದಿಲ್ಲ. ಅದಕ್ಕೆ ವ್ಯಾಕ್ಸ್ ಹಚ್ಚುವವರೇ ಇಲ್ಲ. ಅಲ್ಲಿ ಪಾತ್ರೆಯ ದ್ರವವನ್ನು ಚೆನ್ನಾಗಿ ತೆಳುವಾಗಿಸಿ ಬಳಸಿ, ಸಾಕಷ್ಟು ನೀರಿನಿಂದ ತೊಳೆದರೆ ಉಳಿತಾಯ ನಿಜವಾದುದೇ. ಒಂದೇ ಸಂಸ್ಥೆಯ ಎರಡು ವಾಹನಗಳಿಗೆ ಎರಡು ನಿಯಮ ಎಂಬುದನ್ನು ಒಪ್ಪಿಕೊಳ್ಳಬೇಕು.

ದ್ರವಕ್ಕಿಂತ ಬಟ್ಟೆಯೇ ಮುಖ್ಯ

ಗೀರುಗಳ ಬಹುಪಾಲು ಹೊಣೆ ಸೋಪಿನದಲ್ಲ, ಮರಳಿನದು. ಒಣ ಬಟ್ಟೆಯಿಂದ ಧೂಳು ಒರೆಸಿದಾಗ, ಚಕ್ರ ಒರೆಸಿದ ಬಟ್ಟೆಯಲ್ಲೇ ಬಾನೆಟ್ ಒರೆಸಿದಾಗ ಆ ಕಣಗಳು ಕ್ಲಿಯರ್ ಕೋಟಿನ ಮೇಲೆ ಸುತ್ತುಸುತ್ತಾದ ಸಣ್ಣ ಗೀರುಗಳನ್ನು ಮೂಡಿಸುತ್ತವೆ. ಯಂತ್ರದ ಪಾಲಿಶ್ ಈ ಗೀರುಗಳನ್ನು ತೆಗೆಯುವುದು ಪದರವನ್ನೇ ಸ್ವಲ್ಪ ಸವೆಸಿ. ಆದ್ದರಿಂದ ಅಂತಹ ಪಾಲಿಶನ್ನು ವಾಹನದ ಆಯುಷ್ಯದಲ್ಲಿ ಕೆಲವೇ ಸಲ ಮಾಡಿಸಬಹುದು. ಮೊದಲು ಬರಿಯ ನೀರು ಹಾಯಿಸಿ ಧೂಳು ಇಳಿಸುವುದು, ಸೋಪಿನ ನೀರಿಗೊಂದು ಬಕೆಟ್, ಬಟ್ಟೆ ಜಾಲಾಡಲು ಇನ್ನೊಂದು ಬಕೆಟ್ ಇಡುವುದು, ಮೇಲಿನಿಂದ ಕೆಳಕ್ಕೆ ತೊಳೆದು ಚಕ್ರವನ್ನು ಕಡೆಗೆ ಮುಟ್ಟುವುದು: ಇವಕ್ಕೆ ಹೆಚ್ಚುವರಿ ಖರ್ಚೇ ಇಲ್ಲ. ಖರ್ಚು ಮಾಡುವುದಾದರೆ ಒಂದೆರಡು ಮೈಕ್ರೋಫೈಬರ್ ಬಟ್ಟೆಗಳಿಗೆ ಮಾಡುವುದು ಲೇಸು. ಹಳೆಯ ಪಂಚೆಯ ಮೆತ್ತನೆ ತುಂಡು ಒಳಭಾಗಕ್ಕೆ ಸಾಕು.

ನಿಜವಾದ ಬದಲಿಗಳು

ಅಡುಗೆ ಸೋಡಾ ಈ ಪಟ್ಟಿಯಲ್ಲಿ ಮೊದಲನೆಯದು. ಇದು ಅತ್ಯಲ್ಪ ಕ್ಷಾರ. ಮ್ಯಾಟ್ ಮತ್ತು ಸೀಟಿನ ಮೇಲೆ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್‌ನಿಂದ ಎಳೆದರೆ ಮುಗ್ಗಲು ವಾಸನೆ ಬಹುಮಟ್ಟಿಗೆ ಹೋಗುತ್ತದೆ. ಬ್ಯಾಟರಿಯ ತುದಿಗಳಲ್ಲಿ ಕಟ್ಟುವ ಬಿಳಿ-ನೀಲಿ ಪುಡಿ ಆಮ್ಲದ ಫಲವಾದ್ದರಿಂದ, ತಂತಿಗಳನ್ನು ಬಿಚ್ಚಿದ ಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ಸೋಡಾ ಕಲಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಅದು ನೊರೆಯಾಗಿ ಕರಗುತ್ತದೆ. ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರುವಂತೆ ಎಚ್ಚರ ವಹಿಸಬೇಕು.

ಕೊಳವೆ ಬಾವಿಯ ನೀರನ್ನೇ ನೆಚ್ಚಿದ ಕಡೆ ವಿನೆಗರ್ ಉಪಯುಕ್ತ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರುವುದು ಅಪೇಕ್ಷಣೀಯ, ಬೇರೆ ಜಲಮೂಲವಿಲ್ಲದಿದ್ದರೆ 600ರವರೆಗೆ ವಿನಾಯಿತಿ. ಇಂತಹ ನೀರು ಗಾಜಿನ ಮೇಲೆ ಆರಿದಾಗ ಉಳಿಯುವ ಬಿಳಿ ಕಲೆ ಸುಣ್ಣದ ಅಂಶ. ಸಮಪಾಲು ನೀರು ಬೆರೆಸಿದ ವಿನೆಗರ್ ಅದನ್ನು ಕರಗಿಸುತ್ತದೆ. ನೆರಳಿನಲ್ಲಿ, ಗಾಜಿಗೆ ಮಾತ್ರ ಹಚ್ಚಿ, ಕೆಲವು ನಿಮಿಷಗಳಲ್ಲಿ ತೊಳೆದುಬಿಡಬೇಕು. ವಾಹನ ನಿಲ್ಲುವ ಜಾಗಕ್ಕೆ ಕಡಪ ಕಲ್ಲು ಅಥವಾ ಅಮೃತಶಿಲೆ ಹಾಸಿದ್ದರೆ ಅಲ್ಲಿ ಈ ಕೆಲಸ ಬೇಡ; ಆಮ್ಲವು ಆ ಕಲ್ಲನ್ನೂ ತಿನ್ನುತ್ತದೆ. ಗಾಜಿನ ಕೊನೆಯ ಒರೆತಕ್ಕೆ ಹಳೆಯ ದಿನಪತ್ರಿಕೆ ಇಂದಿಗೂ ಸೊಗಸಾದ ಸಾಧನ.

ದೂರವಿಡಬೇಕಾದವು

ಶೌಚಾಲಯ ತೊಳೆಯುವ ದ್ರವದಿಂದ ಅಲಾಯ್ ಚಕ್ರಗಳನ್ನು ಬೆಳಗಿಸುವ ಪ್ರಯೋಗ ಕೆಲವೆಡೆ ನಡೆಯುತ್ತದೆ. ಇಂತಹ ದ್ರವಗಳಲ್ಲಿ ಹಲವು ಸುಮಾರು ಶೇ. 10ರಷ್ಟು ಹೈಡ್ರೋಕ್ಲೋರಿಕ್ ಆಮ್ಲ ಉಳ್ಳವು. ಅದು ಕೊಳೆಯ ಜೊತೆಗೆ ಅಲ್ಯುಮಿನಿಯಮನ್ನೂ ಕೊರೆಯುತ್ತದೆ. ಅದನ್ನು ಬ್ಲೀಚಿಂಗ್ ದ್ರವದೊಡನೆ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಕೆಲಸಗಾರನ ಪ್ರಾಣಕ್ಕೇ ಅಪಾಯ. ಅಮೋನಿಯಾ ಇರುವ ಮನೆಯ ಗಾಜಿನ ದ್ರವವು ಕಿಟಕಿಗೆ ಅಂಟಿಸಿದ ಫಿಲ್ಮ್‌ಗೂ ಮೀಟರಿನ ಪ್ಲಾಸ್ಟಿಕ್ ಮುಖಕ್ಕೂ ಹಾನಿಕರ. ಸೀಮೆಎಣ್ಣೆ ಡಾಂಬರಿನ ಚುಕ್ಕೆಗಳನ್ನು ಬಿಡಿಸುವುದು ನಿಜ, ಆದರೆ ಅದು ರಬ್ಬರನ್ನು ಉಬ್ಬಿಸುತ್ತದೆ, ಬೆಂಕಿಗೂ ಆಹ್ವಾನ. ಡ್ಯಾಶ್‌ಬೋರ್ಡಿಗೆ ತೆಂಗಿನೆಣ್ಣೆ ಸವರಿದರೆ ಹೊಳಪು ಒಂದು ದಿನದ್ದು, ಧೂಳು ವಾರವಿಡೀ. ಸ್ಟೀರಿಂಗ್ ಮತ್ತು ಪೆಡಲ್‌ಗಳ ಮೇಲೆ ಎಣ್ಣೆ ಬಿದ್ದರೆ ಅಪಘಾತಕ್ಕೆ ದಾರಿ. ಹಳದಿಗಟ್ಟಿದ ಹೆಡ್‌ಲೈಟಿಗೆ ಟೂತ್‌ಪೇಸ್ಟ್ ತಿಕ್ಕಿದರೆ ತಿಳಿಯಾಗುವುದುಂಟು. ಬಿಸಿಲಿನಿಂದ ಕಾಪಾಡುವ ಲೇಪವನ್ನು ಮತ್ತೆ ಹಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಹಳದಿ ಮರಳುತ್ತದೆ.

ತೆರಿಗೆಯ ದೃಷ್ಟಿ

ಚಾಲಕನೂ ಸೇರಿ 13 ಜನಕ್ಕಿಂತ ಹೆಚ್ಚಿಲ್ಲದ ಆಸನಗಳ ಪ್ರಯಾಣಿಕ ವಾಹನಕ್ಕೆ ಸಂಬಂಧಿಸಿದ ಸರ್ವಿಸಿಂಗ್, ದುರಸ್ತಿ ಮತ್ತು ನಿರ್ವಹಣಾ ಸೇವೆಗಳ ಮೇಲೆ ತೆತ್ತ ಜಿಎಸ್‌ಟಿಗೆ, ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)ನೇ ಪ್ರಕರಣದಂತೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ ಮತ್ತು ಚಾಲನಾ ತರಬೇತಿಯಂತಹ ಉದ್ಯಮಗಳಿಗೆ ವಿನಾಯಿತಿಯಿದೆ. ಆದ್ದರಿಂದ ಮಾಲೀಕರ ಕಾರಿಗೆ 3,000 ರೂ. ದರದ ಡೀಟೇಲಿಂಗ್ ಮಾಡಿಸಿದರೆ ಶೇ. 18ರ ತೆರಿಗೆ ಸೇರಿ 3,540 ರೂ. ಪೂರ್ತಿಯಾಗಿ ಖರ್ಚೇ. ಸರಕು ಸಾಗಣೆ ವಾಹನಕ್ಕೆ ಈ ತಡೆಯಿಲ್ಲ. ಅಂಗಡಿಯ ನೆಲಕ್ಕೆಂದು ಕೊಂಡ ದ್ರವದಲ್ಲಿ ಒಂದು ಪಾಲು ಮನೆಯ ಕಾರಿಗೂ ಹೋಗುತ್ತಿದ್ದರೆ, ಜಮೆಯನ್ನು ವ್ಯವಹಾರದ ಪಾಲಿಗಷ್ಟೇ ಸೀಮಿತಗೊಳಿಸಬೇಕು. ಮೊತ್ತ ಚಿಕ್ಕದೆಂದು ಬಹಳ ಜನ ಇದನ್ನು ಮರೆಯುತ್ತಾರೆ.

ತಯಾರಕರೂ ಮಾರಾಟಗಾರರೂ ಗಮನಿಸಬೇಕಾದದ್ದು

ಪಾತ್ರೆಯ ದ್ರವ ಮತ್ತು ಫಿನಾಯಿಲ್ ತಯಾರಿಸುವ ಸಣ್ಣ ಘಟಕಗಳಿಗೆ ಕಾರಿನ ಶಾಂಪೂ ಸಹಜವಾದ ಮುಂದಿನ ಹೆಜ್ಜೆ. ಮೂಲ ಪದಾರ್ಥಗಳು ಬಹುತೇಕ ಅವೇ. ಆದರೆ ಪಾತ್ರೆಯ ದ್ರವವನ್ನೇ ಬೇರೆ ಬಾಟಲಿಗೆ ತುಂಬಿ ‘ಕಾರ್ ಶಾಂಪೂ’ ಎಂಬ ಚೀಟಿ ಅಂಟಿಸುವುದು ಬೇರೆ ಮಾತು. ಪೊಟ್ಟಣ ಸರಕುಗಳ 2011ರ ನಿಯಮಗಳಂತೆ ತಯಾರಕ ಅಥವಾ ಪ್ಯಾಕ್ ಮಾಡಿದವರ ಹೆಸರು-ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು-ವರ್ಷ, ಗರಿಷ್ಠ ಮಾರಾಟ ಬೆಲೆ ಮತ್ತು ಗ್ರಾಹಕರ ದೂರಿನ ಸಂಪರ್ಕ ವಿವರಗಳನ್ನು ಮುದ್ರಿಸುವುದು ಕಡ್ಡಾಯ. ‘ವ್ಯಾಕ್ಸಿಗೆ ಹಾನಿಯಿಲ್ಲ’ ಎಂದು ಅಂಗಡಿಯವನು ಸ್ವಂತವಾಗಿ ಭರವಸೆ ಕೊಟ್ಟು ಅದು ಸುಳ್ಳಾಗಿ ಗ್ರಾಹಕನಿಗೆ ಹಾನಿಯಾದರೆ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ತಯಾರಕನೊಬ್ಬನೇ ಅಲ್ಲ, ಆ ಮಾರಾಟಗಾರನೂ ಹೊಣೆಗಾರನಾಗಬಹುದು.

ಹೊಸ ದ್ರವವೊಂದನ್ನು ಕೊಳ್ಳುವ ಅಥವಾ ಮಾರಾಟಕ್ಕಿಡುವ ಮುನ್ನ ಪರೀಕ್ಷಿಸುವುದು ಕಷ್ಟವಲ್ಲ. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಪಿಎಚ್ ಕಾಗದದ ಸಣ್ಣ ಪುಸ್ತಕ ಸುಲಭ ಬೆಲೆಗೆ ಸಿಗುತ್ತದೆ. ಬಳಸುವ ಪ್ರಮಾಣಕ್ಕೆ ನೀರು ಬೆರೆಸಿದ ದ್ರವದಲ್ಲಿ ಅದನ್ನು ಅದ್ದಿದಾಗ ಬಣ್ಣವು 6ರಿಂದ 8ರ ಒಳಗೆ ತೋರಿದರೆ, ಬಾಗಿಲಿನ ಕೆಳ ಅಂಚಿನಲ್ಲಿ ಕಣ್ಣಿಗೆ ಬೀಳದ ಕಡೆ ಅಂಗೈಯಗಲದಷ್ಟು ಜಾಗಕ್ಕೆ ಹಚ್ಚಿ ತೊಳೆದು, ಒಂದು ದಿನ ಬಿಟ್ಟು ಹಗಲು ಬೆಳಕಿನಲ್ಲಿ ನೋಡಬೇಕು.