ಪಾಳಿಯ ವೈದ್ಯರಿಗೆ ಕೆಲಸದ ಕ್ರಮ

1880ರಲ್ಲಿ ಜಾನ್ ಟೇಲರ್ ಕಂಪೆನಿ ಬಂದಂದಿನಿಂದ 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚುವವರೆಗೆ ಪಾಳಿಯ ಲೆಕ್ಕದಲ್ಲಿಯೇ ಹಗಲು ರಾತ್ರಿಗಳನ್ನು ಎಣಿಸಿದ ಸೀಮೆ ಉರಿಗಾಂ; ಇಂದು ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಯವರೆಗಿನ ಆಸ್ಪತ್ರೆಗಳಲ್ಲಿ ಆ ಪಾಳಿಯ ಭಾರವನ್ನು ಹೊರುವವರು ಹೊಸದಾಗಿ ಎಂ.ಬಿ.ಬಿ.ಎಸ್. ಮುಗಿಸಿ ಬಂದ ತರುಣ ವೈದ್ಯರು. ಗ್ರಂಥಗಳಲ್ಲಿ ಅಧ್ಯಾಯಕ್ಕೊಂದರಂತೆ ಸಾವಧಾನವಾಗಿ ಬಂದ ವ್ಯಾಧಿಗಳು ವಾರ್ಡಿನಲ್ಲಿ ಏಕಕಾಲಕ್ಕೆ ಬಾಗಿಲು ತಟ್ಟುವುದರಿಂದ, ಯಾವುದನ್ನು ಮೊದಲು ಮಾಡಬೇಕೆಂಬ ವಿವೇಕವನ್ನು ಇವರು ಪಾಳಿಯಲ್ಲಿಯೇ ಸಂಪಾದಿಸಬೇಕಾಗಿದೆ.

ಪ್ರಥಮತಃ, ಪಾಳಿ ವಹಿಸಿಕೊಂಡ ಮೊದಲ ಕಾಲು ಗಂಟೆಯಲ್ಲಿ, ತುರ್ತಿನ ಹೊರತು, ಹೊಸ ಕೆಲಸಕ್ಕೆ ಕೈಹಾಕದೆ, ಹೊರಡುತ್ತಿರುವ ವೈದ್ಯರನ್ನೂ ಸಿಸ್ಟರನ್ನೂ ಜೊತೆಗೂಡಿಸಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಒಂದು ಸುತ್ತು ಬರತಕ್ಕದ್ದು. ಒಂದೇ ಹಾಳೆಯಲ್ಲಿ ಹಾಸಿಗೆಯ ಸಂಖ್ಯೆ, ಆಗಬೇಕಾದ ಕೆಲಸ, ಅದಕ್ಕಿರುವ ಗಡುವು, ಇಷ್ಟನ್ನು ಬರೆದುಕೊಳ್ಳಿ. ನೆನಪನ್ನು ನಂಬಬೇಡಿ.

ಬಳಿಕ ವಿಂಗಡಣೆ. ಮೊದಲು ಬಂದವರಿಗೆ ಮೊದಲು ಎಂಬ ನ್ಯಾಯ ಹೊರರೋಗಿಗಳ ಸಾಲಿಗೆ ಸಲ್ಲುವುದೇ ಹೊರತು ಕ್ಯಾಶುಯಾಲಿಟಿಗೆ ಸಲ್ಲದು; ತಡವಾದರೆ ಯಾವುದು ಮರಳಿ ಬಾರದಂತೆ ನಷ್ಟವಾಗುವುದೋ ಅದೇ ಮೊದಲನೆಯದು. ಎದೆನೋವೆಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ವ್ಯವಸ್ಥೆಯಿರುವಲ್ಲಿ ಆ ಇಸಿಜಿಯನ್ನು ದೂರದ ತಜ್ಞರಿಗೆ ತೋರಿಸಿ ಸಲಹೆ ಪಡೆಯಬಹುದು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ, ಸಿ.ಟಿ. ಯಂತ್ರವಿಲ್ಲದ ಕಡೆ ರೋಗಿಯನ್ನು ಹಿಡಿದಿಟ್ಟುಕೊಳ್ಳುವುದೆಂದರೆ ಆ ಅವಧಿಯನ್ನು ತಿಂದುಹಾಕುವುದೇ ಸರಿ. ಇನ್ನು ತಾವಾಗಿಯೇ ಸಾಗುವ ಕೆಲಸಗಳನ್ನು ಆರಂಭದಲ್ಲಿಯೇ ಹೂಡಿಬಿಡುವುದು ಜಾಣತನ: ಹಾವು ಕಚ್ಚಿ ಬಂದವರ ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ ತೆಗೆದು, ಅಲುಗಾಡಿಸದೆ, ಗಡಿಯಾರ ನೋಡಿ ಇಟ್ಟರೆ, ಅದು ಹೆಪ್ಪುಗಟ್ಟುವುದೋ ಇಲ್ಲವೋ ಎಂದು ತಿಳಿಯಲು ಬೇಕಾದ 20 ನಿಮಿಷಗಳಲ್ಲಿ, ಕಚ್ಚಿಸಿಕೊಂಡವರ ರೆಪ್ಪೆ ಬೀಳುತ್ತಿದೆಯೇ, ಉಸಿರು ಕುಂದುತ್ತಿದೆಯೇ ಎಂದು ಸಿಸ್ಟರ್ ಗಮನಿಸುತ್ತಿರುವಾಗ, ಪಕ್ಕದವರ ಗಾಯಕ್ಕೆ ಹೊಲಿಗೆ ಹಾಕಿ ಮುಗಿಸಬಹುದು.

ಈ ಸೀಮೆಯಲ್ಲಿ ಇನ್ನೊಂದು ಎಚ್ಚರ ವಿಶೇಷವಾಗಿ ಬೇಕು. ಹಣೆ ಒಡೆದುಕೊಂಡು ಬಂದ ಹುಡುಗನ ಸುತ್ತ ನೆಂಟರಿಷ್ಟರು ಕೂಗಾಡುತ್ತಿರುವಾಗ, ಬಾಗಿಲ ಬಳಿಯ ಬೆಂಚಿನಲ್ಲಿ ಎರಡು ಕೈಗಳನ್ನೂ ಮೊಣಕಾಲಿಗೆ ಊರಿ ಮುಂದಕ್ಕೆ ಬಾಗಿ ಕುಳಿತ ಮುದುಕರೊಬ್ಬರು, ಏನಾಗುತ್ತಿದೆಯೆಂದು ಕೇಳಿದರೆ, ‘ಮೂಚ್ಚು ವಾಂಗುದು ಸಾಮಿ’ (ಏದುಸಿರು ಬರುತ್ತಿದೆ ಸ್ವಾಮಿ) ಎಂದು ತಮಿಳಿನಲ್ಲಿ ಹೇಳಿ, ಅಷ್ಟಕ್ಕೇ ನಿಲ್ಲಿಸಿ ಉಸಿರೆಳೆದುಕೊಳ್ಳುವರು. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಮೊದಲಾದ ಗಣಿಗಳಲ್ಲಿ ಕಲ್ಲು ಕೊರೆದವರ ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್, ಗಣಿ ಮುಚ್ಚಿದ ಮಾತ್ರಕ್ಕೆ ಮುಗಿಯುವ ವ್ಯಾಧಿಯಲ್ಲ. ಅದರ ಬೆನ್ನಿಗೆ ಕ್ಷಯವೂ, ಒಮ್ಮೊಮ್ಮೆ ಎದೆಯೊಳಗೆ ಗಾಳಿ ಸೋರಿ ಶ್ವಾಸಕೋಶ ಕುಸಿಯುವ ಅಪಾಯವೂ ಬರುತ್ತದೆ. ಕೂಗುತ್ತಿರುವವನ ಉಸಿರಾಟ ಸದ್ಯಕ್ಕೆ ಸರಿಯಿದೆಯೆಂಬುದಕ್ಕೆ ಅವನ ಕೂಗೇ ಸಾಕ್ಷಿಯಾದುದರಿಂದ, ಮೌನವಾಗಿರುವವರ ಬೆರಳಿಗೆ ಆಕ್ಸಿಮೀಟರನ್ನು ಮೊದಲು ತೊಡಿಸಿ.

ಮೇಲಿನ ವೈದ್ಯರಿಗೆ ಫೋನ್ ಮಾಡಲು ಸಂಕೋಚವೇಕೆ? ಬೈಗುಳಕ್ಕೆ ಅಂಜಿ ಬೆಳಗಿನ ಜಾವದವರೆಗೆ ಕಾದು, ರೋಗಿ ಕೈಮೀರಿದ ಮೇಲೆ ಎಬ್ಬಿಸಿದರೆ ಬೈಗುಳವಂತೂ ತಪ್ಪದು. ರಕ್ತದೊತ್ತಡ, ನಾಡಿ, ತಾವು ಈವರೆಗೆ ಮಾಡಿರುವುದು, ಕೇಳಬೇಕಾದ ಪ್ರಶ್ನೆ, ಇವನ್ನು ಮುಂದಿಟ್ಟುಕೊಂಡೇ ಕರೆ ಮಾಡಿ.

ಕಾಗದಪತ್ರಗಳಲ್ಲಿ ಪೊಲೀಸು ಪ್ರಕರಣದ ದಾಖಲೆಯನ್ನು ಆಗಿಂದಾಗಲೇ ಬರೆಯಬೇಕು. ಡಿಸ್ಚಾರ್ಜ್ ಸಾರಾಂಶಗಳನ್ನು ರಾತ್ರಿಯ ಬಿಡುವಿನಲ್ಲಿ ಒಟ್ಟಿಗೆ ಸಿದ್ಧಪಡಿಸಿಟ್ಟರೆ ಬೆಳಗಿನ ರೌಂಡ್ಸ್ ಹಗುರವಾಗುವುದು.

ಕರ್ತವ್ಯದ ಅವಧಿಯ ವಿಷಯದಲ್ಲಿ, 1992ರ ಕೇಂದ್ರದ ರೆಸಿಡೆನ್ಸಿ ಯೋಜನೆ ವಾರಕ್ಕೆ 48 ಗಂಟೆಯೆಂದಿತು; 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. ಮೂವತ್ತು ವರ್ಷಗಳಲ್ಲಿ ಬಯಕೆಯೇ ಇಷ್ಟು ಸಡಿಲಗೊಂಡುದನ್ನು ಓದುಗರೇ ಗಮನಿಸಿಕೊಳ್ಳಲಿ. ಇಷ್ಟು ಹೊತ್ತು ದುಡಿದವರಿಗೆ ನಿದ್ದೆ ತೂಗುವುದು ಸಹಜ; ಆದಕಾರಣ ರಾತ್ರಿ ಪಾಳಿಯನ್ನು ಒಪ್ಪಿಸಿದವರು ಬೈಕು ಹತ್ತಿ ಬೆಂಗಳೂರಿನ ರಸ್ತೆ ಹಿಡಿಯಬಾರದು; ಮಾರಿಕುಪ್ಪಂನಿಂದ ಉರಿಗಾಂ, ಬಂಗಾರಪೇಟೆಗಳ ಮಾರ್ಗವಾಗಿ ಹೋಗುವ ರೈಲಿದೆ, ಕಿಟಕಿಯ ಪಕ್ಕ ಕುಳಿತು, ಫೋನನ್ನು ಆರಿಸಿ, ಕಣ್ಣು ಮುಚ್ಚಬಹುದು.