ವ್ಯವಹಾರ ಪತ್ರಗಳ ಇಂಗ್ಲಿಷ್ ಅನುವಾದ: ಸಮೀಪಾರ್ಥ ಪದಗಳಲ್ಲಿ ವರ್ತಕರು ವಹಿಸಬೇಕಾದ ಎಚ್ಚರಿಕೆ

ಅರಸೀಕೆರೆ, ಬೇಲೂರು, ಹಳೇಬೀಡುಗಳಂತಹ ಊರುಗಳಲ್ಲಿ ವರ್ತಕರ ಆಸ್ತಿಪತ್ರ, ಸಾಲಪತ್ರ ಮತ್ತು ಕರಾರುಗಳು ಬಹುಮಟ್ಟಿಗೆ ಕನ್ನಡದಲ್ಲಿರುತ್ತವೆ. ಇವು ಬ್ಯಾಂಕಿನ ಮೇಲಿನ ಕಚೇರಿಗೆ ಅಥವಾ ಹೊರರಾಜ್ಯದ ಖರೀದಿದಾರರಿಗೆ ಹೋಗಬೇಕಾದಾಗ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ವ್ಯಾಜ್ಯ ಉಚ್ಚ ನ್ಯಾಯಾಲಯಕ್ಕೆ ಹೋದರಂತೂ, ಸಂವಿಧಾನದ 348ನೇ ಅನುಚ್ಛೇದದ ಮೇರೆಗೆ ಅಲ್ಲಿನ ಕಲಾಪಗಳು ಇಂಗ್ಲಿಷಿನಲ್ಲಿ ನಡೆಯುವುದರಿಂದ, ಅನುವಾದ ಅನಿವಾರ್ಯ. ಅಲ್ಲಿ ಒಂದು ಪದ ತಪ್ಪಿದರೆ ಪತ್ರ ಹೇಳುವ ಹಕ್ಕೇ ಬೇರೆಯಾಗಿ ಕಾಣಿಸುತ್ತದೆ.

ಈ ತೊಡಕು ಹೊಸದಲ್ಲ. ಕಂಪನಿ ಸರ್ಕಾರದ ಕಾಗದಪತ್ರಗಳಲ್ಲಿ ತುಂಬಿದ್ದ ದೇಶೀಯ ಪದಗಳನ್ನು ವಿವರಿಸಲು ಎಚ್.ಎಚ್. ವಿಲ್ಸನ್ನರು 1855ರಲ್ಲಿ ನ್ಯಾಯಾಂಗ ಮತ್ತು ಕಂದಾಯ ಪದಗಳ ಕೋಶವೊಂದನ್ನೇ ಪ್ರಕಟಿಸಬೇಕಾಯಿತು. 1902ರಲ್ಲಿ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟದಲ್ಲಿ ಬೇಲೂರು, ಅರಸೀಕೆರೆ ಸೇರಿದಂತೆ ಹಾಸನ ಜಿಲ್ಲೆಯ ಶಾಸನಗಳನ್ನು ಇಂಗ್ಲಿಷ್ ಅನುವಾದದೊಡನೆ ಹೊರತಂದರು. ದಾನಶಾಸನಗಳೂ ಒಂದು ಬಗೆಯ ಆಸ್ತಿಪತ್ರಗಳೇ. ಶಾಸನಗಳ ಕಾಲದಿಂದ ಬಂದ ‘ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ’ ಎಂಬ ಅಷ್ಟಭೋಗದ ಪಟ್ಟಿ ಇಂದಿನ ಕ್ರಯಪತ್ರಗಳಲ್ಲಿಯೂ ಕಾಣಿಸುತ್ತದೆ. ನಿಧಿ ಎಂದರೆ ನೆಲದಲ್ಲಿ ಹುದುಗಿರುವ ಧನ. ನಿಕ್ಷೇಪ ಎಂದರೆ ಇಟ್ಟ ಇಡುಗಂಟು. ಎರಡಕ್ಕೂ ‘ಟ್ರೆಷರ್’ ಎಂದು ಬರೆದರೆ ಎಂಟು ಹಕ್ಕುಗಳು ಏಳಾಗುತ್ತವೆ.

ನಿಘಂಟು ಪದದ ಅರ್ಥವನ್ನು ಕೊಡುತ್ತದೆಯೇ ಹೊರತು ಹಕ್ಕಿನ ಸ್ವರೂಪವನ್ನಲ್ಲ. ಆದುದರಿಂದ ಅನುವಾದಕ್ಕೆ ಮುನ್ನ ಪ್ರತಿ ಪತ್ರಕ್ಕೂ ಮೂರು ಪ್ರಶ್ನೆಗಳನ್ನು ಹಾಕಬೇಕು. ವಸ್ತುವಿನ ಸ್ವಾಧೀನ ಯಾರಲ್ಲಿದೆ? ಮಾಲೀಕತ್ವ ಯಾರದು? ಅದರ ಆದಾಯವನ್ನು ಅನುಭವಿಸುವವರು ಯಾರು? ಇವುಗಳ ಉತ್ತರವೇ ಸರಿಯಾದ ಇಂಗ್ಲಿಷ್ ಪದವನ್ನು ತೋರಿಸುತ್ತದೆ.

ಗಿರವಿ, ಅಡಮಾನ, ಹೈಪಾಥಿಕೇಷನ್

ಆಡುಮಾತಿನಲ್ಲಿ ಒಡವೆಯನ್ನೂ ‘ಅಡ’ ಇಡುತ್ತಾರೆ, ಮನೆಯನ್ನೂ ‘ಅಡ’ ಇಡುತ್ತಾರೆ. ಕಾನೂನಿನಲ್ಲಿ ಇವೆರಡೂ ಬೇರೆ. ಚರ ವಸ್ತುವನ್ನು ಸಾಲದ ಭದ್ರತೆಗಾಗಿ ಸಾಲಕೊಟ್ಟವನ ಕೈಗೆ ಒಪ್ಪಿಸುವುದು ಗಿರವಿ. ಇದು 1872ರ ಭಾರತೀಯ ಕರಾರು ಅಧಿನಿಯಮದ 172ನೇ ಕಲಮಿನ ‘ಪ್ಲೆಡ್ಜ್’. ಸಾಲ ತೀರದಿದ್ದರೆ, 176ನೇ ಕಲಮಿನಂತೆ ಯುಕ್ತ ತಿಳಿವಳಿಕೆ ಕೊಟ್ಟು ಆ ವಸ್ತುವನ್ನು ಮಾರಬಹುದು. ಅಡಮಾನವು ಸ್ಥಿರಾಸ್ತಿಗೆ ಸಂಬಂಧಿಸಿದ್ದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 58ನೇ ಕಲಮಿನ ‘ಮಾರ್ಟ್‌ಗೇಜ್’.

ಮೂರನೆಯದಕ್ಕೆ ಕನ್ನಡದಲ್ಲಿ ರೂಢಿಗೊಂಡ ಒಂದೇ ಪದವಿಲ್ಲ. ಬ್ಯಾಂಕಿನ ಕಾಗದಗಳು ‘ಹೈಪಾಥಿಕೇಷನ್’ ಎಂದೇ ಬರೆಯುತ್ತವೆ. ಸ್ವಾಧೀನವನ್ನು ಬಿಟ್ಟುಕೊಡದೆ ಚರ ಆಸ್ತಿಯ ಮೇಲೆ ನಿರ್ಮಿಸುವ ಹೊರೆ ಎಂದು ಇದನ್ನು 2002ರ ಸರ್ಫೇಸಿ ಅಧಿನಿಯಮವು ನಿರೂಪಿಸಿದೆ. ಕೊಬ್ಬರಿ ವರ್ತಕರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಉಗ್ರಾಣದ ಬೀಗದ ಕೈ ಬ್ಯಾಂಕಿನಲ್ಲಿದ್ದರೆ ಅದು ಗಿರವಿ. ಬ್ಯಾಂಕು ಬಿಡುಗಡೆ ಮಾಡದೆ ಒಂದು ಮೂಟೆಯನ್ನೂ ಸಾಗಿಸುವಂತಿಲ್ಲ. ಕೈ ವರ್ತಕರಲ್ಲಿಯೇ ಇದ್ದು, ಅವರು ನಿತ್ಯದ ವ್ಯಾಪಾರ ನಡೆಸುತ್ತ ಕಾಲಕಾಲಕ್ಕೆ ದಾಸ್ತಾನು ಪಟ್ಟಿ ಸಲ್ಲಿಸುತ್ತಿದ್ದರೆ ಅದು ಹೈಪಾಥಿಕೇಷನ್. ಎರಡನೆಯದನ್ನು ‘ಪ್ಲೆಡ್ಜ್’ ಎಂದು ಅನುವಾದಿಸಿದರೆ, ನ್ಯಾಯವಾಗಿ ನಡೆದ ಮಾರಾಟವೂ ಷರತ್ತಿನ ಉಲ್ಲಂಘನೆಯಂತೆ ಕಾಣುವ ಅಪಾಯವಿದೆ.

ಭೋಗ್ಯ ಮತ್ತು ಲೀಸ್

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಉದಾಹರಣೆಗೆ, ಬೇಲೂರಿನ ಮಳಿಗೆಯೊಂದರ ಮಾಲೀಕರು 6 ಲಕ್ಷ ರೂಪಾಯಿ ಪಡೆದು, ತಿಂಗಳ ಬಾಡಿಗೆಯಿಲ್ಲದೆ 3 ವರ್ಷಕ್ಕೆ ಮಳಿಗೆಯನ್ನು ಬಿಟ್ಟುಕೊಡುತ್ತಾರೆ ಎನ್ನೋಣ. ಹಣಕ್ಕೆ ಬಡ್ಡಿಯಿಲ್ಲ, ಮಳಿಗೆಗೆ ಬಾಡಿಗೆಯಿಲ್ಲ. ಜನರು ಇದನ್ನು ‘ಭೋಗ್ಯ’ ಎಂದೂ ‘ಲೀಸ್’ ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಆದರೆ 105ನೇ ಕಲಮಿನ ಲೀಸ್ ಎಂಬುದು ಪ್ರತಿಫಲಕ್ಕಾಗಿ ಅನುಭೋಗದ ಹಕ್ಕನ್ನು ವರ್ಗಾಯಿಸುವುದು. ಅವಧಿ ಮುಗಿದೊಡನೆ ಬಾಡಿಗೆದಾರನು ಸ್ವಾಧೀನ ಬಿಡಬೇಕು. ಭೋಗ್ಯವು ಸ್ವಾಧೀನಸಹಿತ ಅಡಮಾನ, ಎಂದರೆ 58ನೇ ಕಲಮಿನ (ಡಿ) ಉಪಖಂಡದ ‘ಯೂಸುಫ್ರಕ್ಚುಯರಿ ಮಾರ್ಟ್‌ಗೇಜ್’. ಇಲ್ಲಿ ಹಣ ಹಿಂತಿರುಗುವವರೆಗೆ ಭೋಗ್ಯದಾರನು ಸ್ವಾಧೀನವನ್ನು ಉಳಿಸಿಕೊಳ್ಳಬಹುದು.

3 ವರ್ಷ ಕಳೆದು ಮಾಲೀಕರ ಬಳಿ 6 ಲಕ್ಷ ಇಲ್ಲದಿದ್ದಾಗ ಈ ಒಂದು ಪದದ ಬೆಲೆ ತಿಳಿಯುತ್ತದೆ. ‘ಲೀಸ್’ ಎಂದು ಬರೆದಿದ್ದರೆ, ಮಳಿಗೆ ಹಿಡಿದವನನ್ನು ಮೊದಲು ಬಿಡಿ, ಹಣವನ್ನು ಆಮೇಲೆ ಕೇಳಿ ಎನ್ನುವ ವಾದಕ್ಕೆ ಎಡೆಯಾಗುತ್ತದೆ. ಮಾಲೀಕರಿಗೂ ರಕ್ಷಣೆಯುಂಟು: ಇಂತಹ ಅಡಮಾನದಲ್ಲಿ ಕೇವಲ ವರ್ಷಗಳು ಉರುಳಿದ ಮಾತ್ರಕ್ಕೆ ಬಿಡಿಸಿಕೊಳ್ಳುವ ಹಕ್ಕು ನಾಶವಾಗದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ತೀರ್ಪಿತ್ತಿದೆ. 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲದ ಭೋಗ್ಯಪತ್ರಕ್ಕೆ 59ನೇ ಕಲಮಿನಂತೆ ಕನಿಷ್ಠ ಇಬ್ಬರ ಸಾಕ್ಷಿ ಮತ್ತು ನೋಂದಣಿ ಬೇಕು. ಲೆಕ್ಕದ ಪುಸ್ತಕದಲ್ಲಿಯೂ ಈ 6 ಲಕ್ಷ ಮಾಲೀಕರ ಪಾಲಿಗೆ ಹಿಂತಿರುಗಿಸಬೇಕಾದ ಸಾಲ, ಬಾಡಿಗೆಯ ಆದಾಯವಲ್ಲ.

ಗುತ್ತಿಗೆ

ಕಟ್ಟಡದ ಕಾಮಗಾರಿ ಗುತ್ತಿಗೆ ‘ಕಾಂಟ್ರ್ಯಾಕ್ಟ್’. ಜಮೀನಿನ ಗುತ್ತಿಗೆ ‘ಲೀಸ್’. ತೆಂಗಿನ ತೋಟದ ‘ಗುತ್ತಿಗೆ’ ಯಾವುದು? ವರ್ಷದ ಕಾಯಿಯನ್ನು ಮಾತ್ರ ವರ್ತಕನಿಗೆ ಕೊಟ್ಟು, ಜಮೀನಿನ ಸ್ವಾಧೀನ ಮತ್ತು ಬೇಸಾಯ ಮಾಲೀಕರಲ್ಲಿಯೇ ಉಳಿದಿದ್ದರೆ ಅದು ವಾಸ್ತವದಲ್ಲಿ ಫಸಲಿನ ಮಾರಾಟ. ಕರ್ನಾಟಕ ಭೂಸುಧಾರಣಾ ಅಧಿನಿಯಮ, 1961ರ 5ನೇ ಕಲಮು, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ತರುವಾಯ, ಕೆಲವು ಅಪವಾದಗಳನ್ನು ಬಿಟ್ಟು ಕೃಷಿ ಜಮೀನಿನ ಗೇಣಿಯನ್ನು ನಿಷೇಧಿಸಿದೆ. ಹೀಗಿರುವಾಗ ಕಾಯಿಯ ವ್ಯಾಪಾರವನ್ನು ‘ಲೀಸ್ ಆಫ್ ಲ್ಯಾಂಡ್’ ಎಂದು ಅನುವಾದಿಸಿದರೆ, ನಡೆಯದೇ ಇದ್ದ ನಿಷಿದ್ಧ ವ್ಯವಹಾರವನ್ನು ಉಭಯ ಪಕ್ಷದವರೂ ಲಿಖಿತದಲ್ಲಿ ಒಪ್ಪಿಕೊಂಡಂತಾಗುತ್ತದೆ.

ಶುದ್ಧ ಕ್ರಯ ಮತ್ತು ಕ್ರಯದ ಕರಾರು

‘ಶುದ್ಧ ಕ್ರಯಪತ್ರ’ವೆಂದರೆ ಷರತ್ತಿಲ್ಲದ ಪೂರ್ಣ ಮಾರಾಟ, ‘ಅಬ್ಸಲ್ಯೂಟ್ ಸೇಲ್ ಡೀಡ್’. ‘ಕ್ರಯದ ಕರಾರು’ ಮುಂದೆ ಮಾರುವ ಒಪ್ಪಂದ ಮಾತ್ರ. 54ನೇ ಕಲಮಿನಂತೆ ಅದರಿಂದಲೇ ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. ಎರಡನ್ನೂ ‘ಸೇಲ್’ ಎಂದಷ್ಟೇ ಬರೆಯುವುದು ತಪ್ಪು.

ಪಾಲಿಸಬೇಕಾದ ಕ್ರಮ

1. ಇಂಗ್ಲಿಷ್ ಪದದ ಜೊತೆಗೆ ಮೂಲ ಕನ್ನಡ ಪದವನ್ನೂ ರೋಮನ್ ಲಿಪಿಯಲ್ಲಿ ಉಳಿಸಬೇಕು.

2. ಒಂದು ಕನ್ನಡ ಪದಕ್ಕೆ ಪತ್ರದುದ್ದಕ್ಕೂ ಒಂದೇ ಇಂಗ್ಲಿಷ್ ಪದವಿರಬೇಕು. ಭಾಷೆಯ ಸೊಗಸಿಗಾಗಿ ಬದಲಿಸಬಾರದು.

3. ಶೀರ್ಷಿಕೆಯನ್ನು ನಂಬದೆ ಷರತ್ತುಗಳನ್ನು ಓದಿ ಪದವನ್ನು ಆರಿಸಬೇಕು. ನ್ಯಾಯಾಲಯವೂ ಪತ್ರದ ಹೆಸರಿಗಿಂತ ಅದರ ತಿರುಳನ್ನು ನೋಡುತ್ತದೆ.

4. ಎರಡು ಭಾಷೆಗಳಲ್ಲಿ ಕರಾರು ಮಾಡುವಾಗ, ಭಿನ್ನಾಭಿಪ್ರಾಯ ಬಂದರೆ ಯಾವ ಪಾಠ ಮಾನ್ಯವೆಂದು ಬರೆದುಕೊಳ್ಳಬೇಕು.

5. ಸಹಿಗೆ ಮುನ್ನ ಅನುವಾದವನ್ನು ವಕೀಲರಿಗೂ ಲೆಕ್ಕಪರಿಶೋಧಕರಿಗೂ ತೋರಿಸಬೇಕು.

ಸರಕನ್ನು ಕೊಳ್ಳುವಾಗ ತೂಕವನ್ನು ಎರಡು ಬಾರಿ ನೋಡುವ ವರ್ತಕರು, ಅದೇ ಸರಕಿನ ಮೇಲೆ ಸಾಲ ಪಡೆಯುವಾಗ ಪದವನ್ನೂ ಎರಡು ಬಾರಿ ನೋಡುವುದು ಕ್ಷೇಮ.