ಆ್ಯಪ್ ಸತ್ತಿತೋ, ಟೆಸ್ಟ್ ಸೋತಿತೋ?

ಕುವೈತ್‌ನಲ್ಲಿ ಸರ್ಕಾರಿ ಕೆಲಸಕ್ಕೆ ಈಗ ಮೊದಲು ತೆರೆಯುವುದು ಮೊಬೈಲ್. 2021ರ ಸೆಪ್ಟೆಂಬರ್‌ನಲ್ಲಿ ಬಂದ 'ಸಹೇಲ್' ಆ್ಯಪ್ ಒಂದರಲ್ಲೇ ಎಷ್ಟೋ ಇಲಾಖೆಗಳ ಸೇವೆ ಸಿಗುತ್ತದೆ. ಅಂಗಡಿ, ಬ್ಯಾಂಕುಗಳಿಗೂ ಅವುಗಳದೇ ಆ್ಯಪ್. ಇಂಥ ಊರಿನಲ್ಲಿ ಟೆಸ್ಟಿಂಗ್ ಕೆಲಸ ಹಿಡಿದವರಿಗೆ ಈ ತಲೆನೋವು ಹೊಸದಲ್ಲ: ರಾತ್ರಿಯಿಡೀ ತಾನಾಗಿ ಓಡಿದ ಟೆಸ್ಟ್‌ಗಳ ವರದಿಯಲ್ಲಿ ಬೆಳಿಗ್ಗೆ 'ಬಟನ್ ಸಿಗಲಿಲ್ಲ' ಎಂದಿರುತ್ತದೆ. ನೆಟ್‌ವರ್ಕ್ ನಿಧಾನವಿತ್ತೇ, ಆ್ಯಪ್ ಕ್ರ್ಯಾಶ್ ಆಯಿತೇ? ಇನ್ನೊಮ್ಮೆ ಓಡಿಸಿದರೆ ಪಾಸ್ ಆಗುತ್ತದೆ. ಕ್ರ್ಯಾಶ್ ಮಾತ್ರ ನೇರ ಗ್ರಾಹಕರ ಫೋನಿಗೆ ಹೋಗಿ ಕೂರುತ್ತದೆ.

ಹಾಗಾಗಿ ಪರದೆಯನ್ನು ನಂಬಬೇಡಿ, ಪ್ರಾಸೆಸ್ಸನ್ನು ವಿಚಾರಿಸಿ. ಆಂಡ್ರಾಯ್ಡ್‌ನಲ್ಲಿ ಅದು ಹೀಗೆ.

ಮೊದಲು, ಪ್ರತಿ ಟೆಸ್ಟ್‌ಗೂ ಮುನ್ನ ಲಾಗ್‌ಕ್ಯಾಟ್‌ನ ಹಳೆಯ ಸಾಲುಗಳನ್ನು ಅಳಿಸಿ. ಆ್ಯಪ್ ತೆರೆದೊಡನೆ ಅದರ ಪ್ರಾಸೆಸ್ ಸಂಖ್ಯೆಯನ್ನು ಸ್ಕ್ರಿಪ್ಟ್ ಗುರುತು ಹಾಕಿಕೊಳ್ಳಲಿ. ಟೆಸ್ಟ್ ಮುಗಿದ ಮೇಲೆ, ಪಾಸಾಗಲಿ ಫೇಲಾಗಲಿ, ಮತ್ತೆ ನೋಡಲಿ. ಸಂಖ್ಯೆಯೇ ಇಲ್ಲದಿದ್ದರೆ ಆ್ಯಪ್ ಸತ್ತಿದೆ. ಬದಲಾಗಿದ್ದರೆ ನಡುವೆ ಸತ್ತು ಮತ್ತೆ ಎದ್ದಿದೆ. ಈ ಎರಡನೆಯದೇ ಮಹಾ ಮೋಸಗಾರ, ಟೆಸ್ಟ್ ಹಸಿರಾಗಿಯೇ ಕಾಣುತ್ತದೆ. (ಟೆಸ್ಟ್ ತಾನೇ ಆ್ಯಪನ್ನು ಮುಚ್ಚಿ ತೆರೆದರೆ ಹೊಸ ಸಂಖ್ಯೆಯನ್ನು ದಾಖಲಿಸಿಕೊಳ್ಳಬೇಕು.)

ಆಮೇಲೆ ಸಾವಿನ ಕಾರಣ. ಆಂಡ್ರಾಯ್ಡ್ 11ರಿಂದ ಈಚೆಗೆ ಪ್ರತಿ ಆ್ಯಪ್ ಯಾಕೆ ನಿಂತಿತೆಂದು ಫೋನೇ ಬರೆದಿಡುತ್ತದೆ: ಜಾವಾ ಕ್ರ್ಯಾಶ್, ನೇಟಿವ್ ಕ್ರ್ಯಾಶ್, ಎಎನ್ಆರ್, ಮೆಮೊರಿ ಕೊರತೆ. ಅದನ್ನು ಓದಿಕೊಳ್ಳಿ. ಹಳೆಯ ಫೋನುಗಳಲ್ಲಿ ಲಾಗ್‌ಕ್ಯಾಟ್‌ನ ಕ್ರ್ಯಾಶ್ ಬಫರ್‌ನಲ್ಲಿ 'ಫೇಟಲ್ ಎಕ್ಸೆಪ್ಷನ್' ಹುಡುಕಿ. ಪ್ಯಾಕೇಜ್ ಹೆಸರು ತಾಳೆ ನೋಡದೆ ಮುಂದೆ ಹೋದರೆ ಪಕ್ಕದ ಆ್ಯಪ್‌ನ ಪಾಪ ನಿಮ್ಮ ತಲೆಗೆ ಬರುತ್ತದೆ. ಮೆಮೊರಿ ಕೊರತೆಯಿಂದ ಹೋದದ್ದನ್ನು ಬೇರೆಯೇ ಕಾಲಂನಲ್ಲಿ ಹಾಕಿ.

ಇನ್ನು ಇಲ್ಲಿನದೇ ಒಂದು ಸಂಗತಿ. ಕುವೈತಿ ದಿನಾರ್‌ಗೆ 1000 ಫಿಲ್ಸ್, ದಶಾಂಶದ ಮುಂದೆ ಮೂರು ಸ್ಥಾನ. ಫೋನಿನ ಭಾಷೆ ಅರೇಬಿಕ್ ಆದಾಗ 12.500 ಎಂಬ ಮೊತ್ತ ಅರೇಬಿಕ್ ಅಂಕಿಯಲ್ಲಿ, ಬೇರೆಯದೇ ದಶಾಂಶ ಚಿಹ್ನೆಯೊಂದಿಗೆ ಮೂಡಬಹುದು. ಅದೇ ಪಠ್ಯವನ್ನು ಕೋಡ್ ಮತ್ತೆ ಸಂಖ್ಯೆಯಾಗಿ ಓದಲು ಹೋದರೆ ಜಾವಾದ ಪಾರ್ಸ್‌ಡಬಲ್ ನಂಬರ್ ಫಾರ್ಮ್ಯಾಟ್ ಎಕ್ಸೆಪ್ಷನ್ ಎಸೆಯುತ್ತದೆ. ಹಿಡಿಯುವವರಿಲ್ಲದಿದ್ದರೆ ಆ್ಯಪ್ ಅಲ್ಲೇ ಢಮಾರ್. ಇಂಗ್ಲಿಷ್‌ನಲ್ಲಿ ಮಾತ್ರ ಓಡಿಸುವ ತಂಡಕ್ಕೆ ಇದು ಜನ್ಮದಲ್ಲಿ ಕಾಣುವುದಿಲ್ಲ. ಹಣ ಕಟ್ಟುವ ಟೆಸ್ಟ್‌ಗಳನ್ನಾದರೂ ಎರಡೂ ಭಾಷೆಯಲ್ಲಿ ಓಡಿಸಿ.

ವರದಿಯ ಲೆಕ್ಕವನ್ನೂ ಪರಿಶೀಲಿಸಬೇಕು. ಇನ್‌ಸ್ಟ್ರುಮೆಂಟೇಷನ್ ಟೆಸ್ಟ್‌ಗಳು ಆ್ಯಪ್‌ನ ಪ್ರಾಸೆಸ್ಸಿನೊಳಗೇ ಓಡುವುದರಿಂದ ಆ್ಯಪ್ ಬಿದ್ದರೆ ಉಳಿದ ಟೆಸ್ಟ್‌ಗಳೂ ಅಲ್ಲಿಗೇ ನಿಲ್ಲುತ್ತವೆ. ಓಡಬೇಕಿದ್ದದ್ದೆಷ್ಟು, ಓಡಿದ್ದೆಷ್ಟು ಎಂದು ಹೋಲಿಸಿ, ಕಡಿಮೆಯಿದ್ದರೆ ಕೆಂಪು ಎನ್ನಿ. ಟೆಸ್ಟ್ ಆರ್ಕೆಸ್ಟ್ರೇಟರ್ ಬಳಸಿದರೆ ಒಂದರ ಸಾವು ಇನ್ನೊಂದಕ್ಕೆ ತಗಲುವುದಿಲ್ಲ.

ಸರ್ವರ್ ಕಡೆಯ ಲಿನಕ್ಸ್ ಪ್ರೋಗ್ರಾಂಗಳಿಗೆ ಎಕ್ಸಿಟ್ ಕೋಡ್ ಸಾಕು: 139 ಎಂದರೆ ಸೆಗ್ಮೆಂಟೇಷನ್ ಫಾಲ್ಟ್, 134 ಅಬಾರ್ಟ್, 137 ಹೊರಗಿನಿಂದ ಕೊಂದದ್ದು. ಆದರೆ ಬ್ಯಾಷ್‌ನಲ್ಲಿ ಔಟ್‌ಪುಟ್ಟನ್ನು ಪೈಪ್ ಮೂಲಕ ಬೇರೆ ಕಮಾಂಡಿಗೆ ಕಳಿಸಿದರೆ ಕೊನೆಯ ಕಮಾಂಡಿನ ಕೋಡ್ ಮಾತ್ರ ಸಿಗುತ್ತದೆ. ಪೈಪ್‌ಫೇಲ್ ಆಯ್ಕೆ ಹಾಕಿಕೊಳ್ಳಿ.

ಸಾಕ್ಷ್ಯವನ್ನು ಕೂಡಲೇ ಎತ್ತಿಡಿ. ಇಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ನಾವು ಕೆಲಸಕ್ಕೆ ಕೂತಾಗ ಕೋಡ್ ಬರೆದ ಬೆಂಗಳೂರಿನವರು ರಜೆಯಲ್ಲಿರುತ್ತಾರೆ, ಅವರು ಸೋಮವಾರ ನೋಡುವಷ್ಟರಲ್ಲಿ ಅದೇ ಫೋನಿನ ಲಾಗ್ ಅಳಿಸಿ ಹೋಗಿರುತ್ತದೆ. ಲಾಗ್, ಸ್ಕ್ರೀನ್‌ಶಾಟ್, ಬಿಲ್ಡ್ ಸಂಖ್ಯೆ, ಆ ಬಿಲ್ಡಿನ ಮ್ಯಾಪಿಂಗ್ ಫೈಲ್ ನಾಲ್ಕೂ ಒಂದೇ ಫೋಲ್ಡರಿನಲ್ಲಿರಲಿ. ಮ್ಯಾಪಿಂಗ್ ಫೈಲ್ ಇಲ್ಲದಿದ್ದರೆ ರಿಲೀಸ್ ಬಿಲ್ಡಿನ ಸ್ಟ್ಯಾಕ್ ಟ್ರೇಸ್ ಓದಿಯೂ ಓದದಂತೆ.

ಇಷ್ಟು ಮಾಡಿದ ಮೇಲೆ ಎಡಿಬಿಯ 'ಎಎಂ ಕ್ರ್ಯಾಶ್' ಆಜ್ಞೆಯಿಂದ ಟೆಸ್ಟ್ ನಡುವೆ ಆ್ಯಪನ್ನು ಬೇಕೆಂದೇ ಬೀಳಿಸಿ. ವರದಿಯಲ್ಲಿ 'ಬಟನ್ ಸಿಗಲಿಲ್ಲ' ಎಂದು ಬಂದರೆ ಮೊದಲ ಹಂತಕ್ಕೇ ಮರಳಿ. 'ಕ್ರ್ಯಾಶ್' ಎಂದು ಬಂದರೆ ಆ ಟೆಸ್ಟನ್ನು ಪ್ರತಿ ರಾತ್ರಿಯ ಪಟ್ಟಿಗೆ ಸೇರಿಸಿಬಿಡಿ.